ಪುಕ್ಕಟೆ ಕಲಿತ ನರ್ಸಬಾಯಿ

ನರ್ಸ್ ಸೆರಾಫಿನ್ ಬಾಯಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಹಾಸಿಗೆ ಹಾಸುತ್ತಿದ್ದರು. ಕುಮಟೆಯ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಡಾಕ್ಟರು ಏನಾದರೂ ಅಂದು ಹೋದರೆ ಸಾಕು, ಖಾಲಿ ಮಂಚದ ಚಾದರ ಕಿತ್ತು, ಕೊಡವಿ, ನಾಲ್ಕೂ ಮೂಲೆ ಮಡಿಸಿ, ಒಂದು ಸುಕ್ಕೂ ಉಳಿಯದಂತೆ ಬಿಗಿಯುತ್ತಿದ್ದರು. ಆಮೇಲೆ ಪಕ್ಕದ ಮಂಚ. ವಾರ್ಡು ಒಪ್ಪವಾದಷ್ಟೂ ಬಾಯಿಯಿಂದ ದೂರ ಇರಬೇಕೆಂದು ಆಯಾಗಳಿಗೆ ಗೊತ್ತಿತ್ತು.

ಹೊನ್ನಾವರದ ಕಡೆಯವರು. ಮನೆಮಾತು ಕೊಂಕಣಿ. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ನರ್ಸಿಂಗ್ ಕಲಿತಿದ್ದರು. ಫೀ ಇಲ್ಲ, ಊಟ ವಸತಿ ಅವರದೇ, ಕೈಖರ್ಚಿಗೆ ಒಂದಿಷ್ಟು ಸ್ಟೈಪೆಂಡು. ಬದಲಿಗೆ ಐದು ವರ್ಷ ಅಲ್ಲೇ ದುಡಿಯುತ್ತೇನೆಂದು ಬಾಂಡು ಬರೆದುಕೊಡಬೇಕಿತ್ತು. ಅದನ್ನು ಯಾರಾದರೂ ಪುಕ್ಕಟೆ ಎಂದರೆ ಬಾಯಿಗೆ ಮೈ ಉರಿಯುತ್ತಿತ್ತು.

“ಪುಕ್ಕಟೆ ಎಂತದ್ದು? ಇಡೀ ಆಸ್ಪತ್ರೆ ನಾವು ಹುಡುಗಿಯರೇ ತಿಕ್ಕಿದ್ದು. ಸಂಬಳದ ನರ್ಸು ಇಡೂದು ತಪ್ತದೆ ಅಂತ ನಮ್ಮನ್ನ ಕಲಿಸೂಕೆ ಇಟ್ಕಂಡಿದ್ರು.”

ನಾನು ಅವರನ್ನು ಮೊದಲು ಕಂಡದ್ದು ಕಾಗಾಲದ ನಮ್ಮ ಮನೆಯಲ್ಲೇ. ಚಿಕ್ಕಮ್ಮನ ಹೆರಿಗೆ ಕಷ್ಟವಾಗಿ, ಕೂಸಿನ ಕಾಲು ಮುಂದಾಗಿ ಬಂದಿತ್ತು. ಬಾಯಿ ಬಂದು ತಾಯಿ ಮಗು ಇಬ್ಬರನ್ನೂ ಉಳಿಸಿದರು. ಕೆಲಸ ಮುಗಿದ ಮೇಲೆ ನಮ್ಮ ಅಜ್ಜಿ ಅವರಿಗೆ ಹಿತ್ತಲಲ್ಲಿ, ತೆಂಗಿನ ಗರಟೆಯಲ್ಲಿ ಚಾ ಕೊಟ್ಟರು. ಹೆರಿಗೆಯ ಅಮೆ, ಆ ಮೈಲಿಗೆ, ಮುಟ್ಟಿದವಳು, ಮೇಲಾಗಿ ಕ್ರಿಸ್ತರವಳು. “ಸರ್ಕಾರ ಪುಕ್ಕಟೆ ಕಲಿಸಿದ್ದಲ್ವಾ, ಪುಕ್ಕಟೆ ಬಂದು ಮಾಡ್ತದೆ” ಎಂದು ಅಮ್ಮನಿಗೆ ಹೇಳಿದ್ದೂ ಅವರಿಗೆ ಕೇಳಿಸುವಂತೆಯೇ. ಬಾಯಿ ಚಾವನ್ನು ಬಾಳೆಯ ಬುಡಕ್ಕೆ ಸುರಿದರು. “ಅಮ್ಮಾ, ಕೂಸನ್ನ ಹಿಡಿದು ತೆಗ್ದ ಕೈ ಇದೇ. ಕೂಸನ್ನೂ ಹಿತ್ತಲಲ್ಲೇ ಮಲಗಿಸ್ತ್ರಾ?” ಎಂದು ಕೇಳಿ ನಡೆದುಬಿಟ್ಟರು. ಅಜ್ಜಿ ಆ ದಿನವೆಲ್ಲ ಗೊಣಗಿದರು. ನಾನು ನಾಚಿಕೆಯಿಂದ ಸತ್ತೆ. ನರ್ಸ್ ಆಗಬೇಕೆಂದು ನನಗೆ ಅನಿಸಿದ್ದು ಆಗಲೇ.

ಪಿಯುಸಿ ಮುಗಿದ ಮೇಲೆ ಹಟ ಹಿಡಿದೆ. ಅಪ್ಪ ಕೊನೆಗೂ ಒಪ್ಪಿ, ಭಟ್ಕಳದಲ್ಲಿ ಖಾಸಗಿ ಡಾಕ್ಟರೊಬ್ಬರು ನಡೆಸುವ ಒಂದು ವರ್ಷದ ಕೋರ್ಸು ಹುಡುಕಿದರು. ಫೀ ಕಮ್ಮಿ, ಊರು ಹತ್ತಿರ, ಸರ್ಟಿಫಿಕೇಟಿಗೆ ಅಂಗೈಯಗಲದ ಮುದ್ರೆ. ನಾನು ಕುಮಟೆಗೆ ಹೋಗಿ ಬಾಯಿಗೆ ಹೇಳಿದೆ. “ನೋಡದೇ ಎಮ್ಮೆನೂ ಕೊಳ್ಳೂದಿಲ್ಲ” ಎಂದವರೇ ರಜೆ ಹಾಕಿ, ಅಪ್ಪನನ್ನೂ ನನ್ನನ್ನೂ ಹೊರಡಿಸಿದರು. ಹೊನ್ನಾವರದಲ್ಲಿ ತಾರಿಯ ದೋಣಿ ಹತ್ತಿ ಹೊಳೆ ದಾಟಿ, ಮತ್ತೆ ಬಸ್ಸು ಹತ್ತಿ ಭಟ್ಕಳ ಮುಟ್ಟಿದೆವು.

ಆ ಡಾಕ್ಟರ ಆಸ್ಪತ್ರೆಯಲ್ಲಿ ಮಂಚಗಳು ನಾಲ್ಕೇ. ಕಲಿಯುವ ಹುಡುಗಿಯರು ಎಂಟು. ಅವರಲ್ಲಿ ಇಬ್ಬರು ಡಾಕ್ಟರ ಮನೆಯ ಅಕ್ಕಿ ಆರಿಸುತ್ತಿದ್ದರು. ಬಾಯಿ ನನ್ನನ್ನು ಒಂದು ಮಂಚದ ಮೇಲೆ ಮಲಗಿಸಿ, ವರ್ಷ ಮುಗಿಸುತ್ತಿದ್ದ ಹುಡುಗಿಯೊಬ್ಬಳನ್ನು ಕರೆದರು. “ಇವ್ಳಿಗೆ ಏಳೂಕೆ ಆಗೂದಿಲ್ಲ ಅಂತ ತಿಳ್ಕ. ಎಬ್ಬಿಸದೇ ಚಾದರ ಬದಲ್ಸು.” ಆ ಹುಡುಗಿ ನನ್ನ ಸುತ್ತ ಎರಡು ಸಲ ತಿರುಗಿ ಅಳತೊಡಗಿದಳು. ಬಾಯಿ ಅವಳ ಬೆನ್ನು ಸವರಿ, ತಾವೇ ನನ್ನನ್ನು ಮಗ್ಗುಲಿಗೆ ಹೊರಳಿಸಿ ಚಾದರ ಬದಲಿಸಿ ತೋರಿಸಿದರು. ಆಮೇಲೆ ಉಳಿದ ಮೂರೂ ಮಂಚಗಳನ್ನು ಹಾಸಿದರು. ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು.

“ಫೀ ಕೊಟ್ಟು ಮನೆಗೆಲಸದವಳಾಗೂದು ಇಲ್ಲಿ ಮಾತ್ರ” ಎಂದರು ಬಾಯಿ, ಹೊರಗೆ ಬಂದು.

ಇನ್ನೆರಡು ದಾರಿ ಉಳಿದವು. ಒಂದು, ಬಾಯಿ ಕಲಿತಂಥದೇ ಪುಕ್ಕಟೆ ತರಬೇತಿ. ಇನ್ನೊಂದು ದೂರದ ಕಾಲೇಜಿನ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಅದಕ್ಕೆ ಫೀ, ಹಾಸ್ಟೆಲ್ಲು, ಪುಸ್ತಕ ಎಲ್ಲ ನಮ್ಮ ಮೇಲೇ. ಎರಡೂ ಕಡೆಗೆ ಬರೆದು ತರಿಸಿದ ಕಾಗದಗಳನ್ನು ಬಾಯಿ ನಮ್ಮ ಜಗಲಿಯಲ್ಲಿ ಹರಡಿದರು. ಅಪ್ಪ ಪುಕ್ಕಟೆಯದನ್ನೇ ಎತ್ತಿಕೊಂಡು, “ಕಲಿಯೂದು ಎರಡ್ರಲ್ಲೂ ಒಂದೇ ಅಲ್ವಾ ಬಾಯೋರೇ?” ಎಂದು ಕೇಳಿದರು.

“ಕೈಕೆಲ್ಸ ಇದ್ರಲ್ಲೇ ಚಲೋ ಕಲೀತಾಳೆ, ನಾನು ಸುಳ್ಳು ಹೇಳೂದಿಲ್ಲ. ಆದ್ರೆ ನಾಯ್ಕರೇ, ಡಾಕ್ಟರು ಔಷಧ ತಪ್ಪಿ ಬರ್ದಾಗ ನಾನು ತಪ್ಪು ಅಂದ್ರೆ, ‘ನೀನು ಸ್ಟೈಪೆಂಡಿನಲ್ಲಿ ಕಲಿತವಳು, ಸುಮ್ನಿರು’ ಅಂತ್ರು. ಡಿಗ್ರಿಯವಳಿಗೆ ಹಾಂಗೆ ಅನ್ನೂಕೆ ಬಾಯಿ ಬರೂದಿಲ್ಲ. ನೀವು ಫೀ ಕೊಡೂದು ಅದಕ್ಕೆ.”

“ಅಷ್ಟು ದುಡ್ಡು ಎಲ್ಲಿಂದ ತರೂದು?”

“ಮಗನ್ನ ಧಾರವಾಡಕ್ಕೆ ಲಾ ಓದೂಕೆ ಕಳ್ಸುವಾಗ, ಪುಕ್ಕಟೆ ಕಾಲೇಜು ಎಲ್ಲಿ ಉಂಟು ಅಂತ ಯಾರ ಹತ್ರ ಕೇಳಿದ್ರಿ?”

ಅಪ್ಪ ಪುಕ್ಕಟೆಯ ಕಾಗದವನ್ನು ಕೆಳಗಿಟ್ಟರು. ಆ ವರ್ಷದ ಈರುಳ್ಳಿ ಬೆಳೆಯ ದುಡ್ಡು ನನ್ನ ಫೀಗೆ ಹೋಯಿತು.

ಡಿಗ್ರಿ ಮುಗಿಸಿ ಒಂದೆರಡು ಊರು ಸುತ್ತಿ ಬಂದವಳಿಗೆ ಸಿಕ್ಕಿದ್ದು ಕುಮಟೆಯ ಅದೇ ವಾರ್ಡು, ಅದೂ ಬಾಯಿಗಿಂತ ಮೇಲಿನ ಹುದ್ದೆ. ನಾನು ಹುಟ್ಟುವ ಮೊದಲೇ ಹೆರಿಗೆ ಮಾಡಿಸುತ್ತಿದ್ದವರಿಗೆ ನಾನು ಡ್ಯೂಟಿ ಹಾಕಬೇಕು! ನನಗೆ ಮುಜುಗರವಾಯಿತು. ಬಾಯಿ ಮಾತ್ರ, “ಆತು, ನನ್ನ ಮಗಳೇ ಬಂದ್ಲಲ್ಲ” ಎಂದು ಆಯಾಗಳಿಗೆಲ್ಲ ಬೆಲ್ಲ ಹಂಚಿದರು.

ಅವರು ನಿವೃತ್ತರಾಗುವ ತಿಂಗಳು ಮಾವಳ್ಳಿಯ ಮೀನುಗಾರರ ಹೆಂಗಸೊಬ್ಬಳು ಬಂದಳು. ಅವಳದೂ ಕಾಲು ಮುಂದಾದ ಕೂಸು. ಡಾಕ್ಟರು ಊರಲ್ಲಿರಲಿಲ್ಲ. ನನಗೆ ಪುಸ್ತಕದ ಪುಟ ನೆನಪಾಯಿತು, ಕೈ ಮಾತ್ರ ಏಳಲಿಲ್ಲ. ಬಾಯಿ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಹೆಂಗಸಿನೊಡನೆ ಮಾತಾಡುತ್ತ ಮಾತಾಡುತ್ತಲೇ ಕೂಸನ್ನು ತೆಗೆದರು. ಅದು ಕೂಗಿತು.

ಕಷ್ಟದ ಹೆರಿಗೆಗೆ ಡಾಕ್ಟರು, ಇಲ್ಲವೇ ಡಿಗ್ರಿಯವಳು ಸಹಿ ಹಾಕಬೇಕೆಂಬುದು ನಮ್ಮ ಡಾಕ್ಟರ ಕಟ್ಟಳೆ. ದಾಖಲೆ ಪುಸ್ತಕ ಬಂದಾಗ ನಾನು ಪೆನ್ನನ್ನು ಬಾಯಿಯ ಕೈಗೆ ಕೊಟ್ಟೆ.

“ನೀವೇ ಹಾಕಿ ಬಾಯೋರೇ. ನಾನು ಬರೀ ನೋಡ್ತಾ ನಿಂತವಳು.”

“ಹುಚ್ಚುಮಳ್ಳು ಮಾಡ್ಬೇಡ. ನಾನು ಹಾಕಿದ್ರೆ ನಾಳೆ ಡಾಕ್ಟರು ಗೀಟು ಹೊಡೆದು ಹಾಕ್ತ್ರು. ನಿನ್ನ ಸಹಿಗೆ ನಿನ್ನಪ್ಪ ದುಡ್ಡು ಕೊಟ್ಟಿದ್ದಾರೆ ಮಗಾ. ಹಾಕು.”

ಹಾಕಿದೆ. ತಿಂಗಳ ಕೊನೆಗೆ ಬಾಯಿ ನಿವೃತ್ತರಾಗಿ ಮಾವಿನಕುರ್ವೆಯ ತಂಗಿಯ ಮನೆಗೆ ಹೋದರು. ಹೋಗಿ ನೋಡಬೇಕೆಂದು ನಾನು ರಜೆ ಕೇಳುವಷ್ಟರಲ್ಲಿ ಅವರನ್ನು ಮಣ್ಣು ಮಾಡಿದ ಸುದ್ದಿ ಬಂತು. ಆ ದಿನ ದಾಖಲೆ ಪುಸ್ತಕ ತೆಗೆದು ನೋಡಿದೆ. ‘ಹೆರಿಗೆ ಮಾಡಿಸಿದವರು’ ಎಂಬಲ್ಲಿ ನನ್ನ ಹೆಸರಿದೆ, ಮುಂದೆ ಬಿ.ಎಸ್ಸಿ. ಎಂದಿದೆ. ಮಾಡಿಸಿದವಳು ನಾನಲ್ಲ.