ಪೂಜಾಳ ಕೈಗೆ ಸಡಿಲಾದ ಬಳೆ

ಸವಣೂರಿನ ರಹಿಮಾಬಿ ಬಳೆಯ ಮಲಾರ ಹೊತ್ತು ಹಂಸಭಾವಿಗೆ ಬರಲು ಶುರುಮಾಡಿ ಮೂವತ್ತು ವರ್ಷವಾಯಿತು. ಅಂಗೈ ಮಡಿಚಿ, ಗೆಣ್ಣು ಒತ್ತಿ, ಬಾಯೊಳಗೇ ಬಿಸ್ಮಿಲ್ಲಾ ಅಂದು ಏರಿಸಿದಳೆಂದರೆ ಗಾಜು ಒಡೆಯುವುದು ಅಪರೂಪ. ಊರ ಹೆಣ್ಣುಮಕ್ಕಳ ಕೈಯಳತೆ ಅವಳಿಗೆ ಬಾಯಿಪಾಠ. ಮುಟ್ಟಿನ ದಿನಗಳಲ್ಲಿ ಅಲ್ಲಿನ ಮನೆಗಳಲ್ಲಿ ಹೊಸ ಬಳೆ ಇಡಿಸಿಕೊಳ್ಳುವುದಿಲ್ಲ. "ಇವತ್ತ ಬ್ಯಾಡ, ಮುಂದಿನ ವಾರ ಬಾ" ಅನ್ನುತ್ತಾರೆ. ಹಾಗಾಗಿ ಯಾರ ಮೈ ಹೇಗಿದೆ ಎಂಬುದು ಅವಳಿಗೆ ಕೇಳದೆಯೇ ತಿಳಿಯುತ್ತಿತ್ತು.

ಹಾಲವ್ವನ ಸೊಸೆ ಪೂಜಾ ಮೂರು ಸಲ "ಬ್ಯಾಡ" ಅಂದಿದ್ದಳು. ನಾಲ್ಕನೆಯ ಸಲ ಕೈ ಕೊಟ್ಟಾಗ ಎರಡು-ಆರರ ಅಳತೆಯ ಬಳೆ ಸರಕ್ಕನೆ ಮೊಣಕೈವರೆಗೆ ಜಾರಿತು. ಮದುವೆಯಲ್ಲಿ ಅದೇ ಅಳತೆಯನ್ನು ಹೆಣಗಾಡಿ ಏರಿಸಿದವಳು ರಹಿಮಾಬಿಯೇ.

"ಹೊಟ್ಟಿ ನೋವೇನ, ತಂಗಿ?"

ಪೂಜಾಳ ಕಣ್ಣು ತುಂಬಿತು. ತಿಂಗಳಿಗೆ ಹತ್ತು ದಿನ ನೋವು, ರಕ್ತ. ಯಾರೋ ಖಾಸಗಿ ವೈದ್ಯರು ಗರ್ಭಚೀಲ ತೆಗೆಸಿರಿ ಅಂದಿದ್ದರು. ಸೋಮವಾರಕ್ಕೆ ಆಪರೇಶನ್ ಗೊತ್ತೂ ಆಗಿತ್ತು. ಅವಳಿಗೆ ಇಪ್ಪತ್ತಾರು, ಒಂದೇ ಮಗು. ಇನ್ನೊಂದು ಬೇಕೆಂಬ ಆಸೆಯನ್ನು ಅವಳು ಬಳೆಗಾರ್ತಿಯ ಮುಂದೆಯೇ ಮೊದಲು ಆಡಿದ್ದು.

ರಹಿಮಾಬಿ ಹಾಲವ್ವನನ್ನು ಕರೆದಳು. "ಅಕ್ಕಾರ, ಅವಸರ ಮಾಡಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ಒಮ್ಮೆ ತೋರಸ್ರಿ."

"ಬಳಿ ಇಡಸಾಕಿ ಡಾಕ್ಟರ್ ಯಾವಾಗ ಆದೀ?"

"ಡಾಕ್ಟರ್ ಆಗಿಲ್ರಿ, ಪೇಶಂಟ್ ಆಗೇನಿ. ಇದ ಬ್ಯಾನಿ, ಹದಿನೆಂಟು ವರ್ಷ."

ಹಾಲವ್ವ ಕಟ್ಟೆಯ ಮೇಲೆ ಕುಳಿತಳು. ಹುಬ್ಬಳ್ಳಿಯ ಡಾಕ್ಟರಮ್ಮ ತನಗೆ ತಿಳಿಸಿದ್ದನ್ನು ರಹಿಮಾಬಿ ಹೇಳತೊಡಗಿದಳು.

"ಗರ್ಭಚೀಲದ ಒಳಪದರು ತನ್ನ ಜಾಗಾ ಬಿಟ್ಟು ಹೊರಗ ಬೆಳೀತೈತ್ರಿ. ಕೆಲವರಿಗೆ ಚೀಲದ ಗೋಡ್ಯಾಗ ಹೊಕ್ಕತೈತಿ. ಹಂಗ ದಾರಿ ತಪ್ಪಿದ್ದನ್ನ ತಿಂದು ಸ್ವಚ್ಛ ಮಾಡಾಕ ಮೈಯಾಗ ಕಾವಲಿನ ಜೀವಕಣ ಇರ್ತಾವ. ಈ ಬ್ಯಾನ್ಯಾಗ ಅವ ದಾರಿ ತಪ್ತಾವ. ನಿಮ್ಮ ಗೋವಿನಜೋಳ ಕಾಯೋ ಆಳು ಮಂಗ್ಯಾ ಓಡಸೋದು ಬಿಟ್ಟು, ತಾನ ತೆನಿ ಮುರದು ಕೊಟ್ರ?"

"ಅಂವನ ಕೈ ಸೇದಿ ಹೋಗ್ಲಿ!"

"ಹಂಗ ನೋಡ್ರಿ. ಅಲ್ಲಿ ಹೊಸ ರಕ್ತನಾಳ, ಹೊಸ ನರ ಬೆಳ್ಯಾಕ ಅವ ನೆರವು ಕೊಡ್ತಾವಂತ. ನರ ಬೆಳದಂಗ ನೋವು. ಮಂಗ್ಯಾ ಬಂದಾವಂತ ಹೊಲಾನ ಮಾರ್ತೀರೇನ? ನಾ ಮಾರೇನಿ, ಅಕ್ಕಾರ. ಚೀಲ ತಗಸಿದೆ. ಮಂಗ್ಯಾ ಹೊರಗೂ ಇದ್ವು. ನೋವು ಹಂಗ ಉಳೀತು."

"ಹುಬ್ಬಳ್ಯಾಗ ಪೂರಾ ವಾಸಿ ಆಗತೈತೇನ?"

ಹೂಂ ಅಂದರೆ ಹಾಲವ್ವ ಒಪ್ಪುತ್ತಿದ್ದಳು. ಆದರೂ ರಹಿಮಾಬಿ, "ಸುಳ್ಳು ಹೇಳಂಗಿಲ್ರಿ. ಕಾವಲು ಯಾಕ ತಪ್ಪತೈತಿ ಅಂತ ಇನ್ನೂ ಹುಡುಕಾಕತ್ತಾರ. ನೋವು ಮಾತ್ರ ಹತೋಟಿಗೆ ಬರಬಹುದು" ಅಂದಳು.

ಆ ಖರೇ ಮಾತೇ ಹಾಲವ್ವನನ್ನು ಅಲುಗಾಡಿಸಿತು. ಸೋಮವಾರ ಅತ್ತೆ-ಸೊಸೆ ಹುಬ್ಬಳ್ಳಿ ಬಸ್ಸು ಹತ್ತಿದರು. ವ್ಯಾಪಾರ ಬಿಟ್ಟು ರಹಿಮಾಬಿಯೂ ಪಕ್ಕದಲ್ಲಿ ಕುಳಿತಳು. ಸ್ಕ್ಯಾನಿಂಗಿನಲ್ಲಿ ರೋಗ ಗರ್ಭಚೀಲದ ಗೋಡೆಯಲ್ಲಿ ಕಂಡಿತು. ಡಾಕ್ಟರಮ್ಮ ಗುಳಿಗೆ ಬರೆದರು. ಈ ವಯಸ್ಸಿಗೆ ತೆಗೆಸುವುದು ಬೇಡ, ಮಗುವಿನ ಮಾತು ನೋವು ಇಳಿದ ಮೇಲೆ ನೋಡೋಣ ಅಂದರು.

ಎಂಟು ತಿಂಗಳ ನಂತರ ಹಂಸಭಾವಿಯ ಅದೇ ಕಟ್ಟೆಯ ಮೇಲೆ ಪೂಜಾ ಕೈ ಚಾಚಿದಳು. ಎರಡು-ಆರರ ಬಳೆ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು.

"ಬಿಗಿ ಆತ್ರಿ, ದೊಡ್ಡದು ಕೊಡ್ರಿ" ಅಂದಳು ಪೂಜಾ.

"ಕೊಡಬ್ಯಾಡ. ಅದು ಮದುವಿ ಅಳತಿ. ಒಡದ್ರ ಒಡೀಲಿ, ಅದನ್ನ ಏರಸು" ಅಂದಳು ಹಾಲವ್ವ.

ರಹಿಮಾಬಿ ಗೆಣ್ಣು ಒತ್ತಿದಳು. ಅವಳ ತುಟಿ ಒಮ್ಮೆ ಅಲುಗಿತು. ಬಳೆ ಒಡೆಯಲಿಲ್ಲ.