ಊರಲ್ಲಿ ಎಲ್ಲಿ?

ನಮ್ಮ ಕಟ್ಟಡದ ಲಿಫ್ಟು ನೆಲಮಹಡಿಯಿಂದ ಏಳನೆಯ ಮಹಡಿಗೆ ಏರಲು ಇಪ್ಪತ್ತೆರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಇದನ್ನು ನಾನು ಅಳೆದು ನೋಡಿದ್ದು ಲಿಫ್ಟಿನ ಮೇಲಿನ ಆಸಕ್ತಿಯಿಂದಲ್ಲ. ಅಷ್ಟರೊಳಗೆ ಇಬ್ಬರು ಅಪರಿಚಿತ ಕರಾವಳಿಗರು ಪರಸ್ಪರ ಬಂಧುಗಳಾಗಿಬಿಡಬಲ್ಲರು ಎಂಬ ನನ್ನದೊಂದು ಸಿದ್ಧಾಂತವನ್ನು ರುಜುವಾತುಪಡಿಸುವುದಕ್ಕೆ. ದುಬೈಯ ಅಲ್ ಮುರಕ್ಕಬಾತಿನ ಈ ಹಳೆಯ ಕಟ್ಟಡದಲ್ಲಿ, ಕೈಯಲ್ಲಿ ಐದು ಕಿಲೋ ಕುಚ್ಚಲಕ್ಕಿಯ ಚೀಲ ಹಿಡಿದ ಮನುಷ್ಯನೊಬ್ಬ ಲಿಫ್ಟಿನೊಳಗೆ ಕಾಲಿಟ್ಟರೆ ಸಾಕು, ನನ್ನ ನಾಲಗೆ ನನ್ನ ಅಪ್ಪಣೆಗಾಗಿ ಕಾಯುವುದಿಲ್ಲ. "ಊರ್‌ಡ್ ಓಲು?" ಎಂದು ತುಳುವಿನಲ್ಲಿ ಕೇಳಿಯೇಬಿಡುತ್ತದೆ. ಊರಲ್ಲಿ ಎಲ್ಲಿ ಎಂದರ್ಥ. ಆತ ಉಡುಪಿ ಎಂದರೆ ಉಡುಪಿಯಲ್ಲಿ ಎಲ್ಲಿ, ಕಾಪು ಎಂದರೆ ಕಾಪುವಿನಲ್ಲಿ ಯಾರ ಮನೆ, ಹೀಗೆ ಸಾಗಿ, ಐದನೆಯ ಮಹಡಿ ಬರುವಷ್ಟರಲ್ಲಿ ಆತ ನನ್ನ ಅತ್ತಿಗೆಯ ಸೋದರಮಾವನ ಷಡ್ಡಕನಾಗಿರುತ್ತಾನೆ. ಆಗಿರದಿದ್ದರೂ ಹಾಗೆಂದು ಇಬ್ಬರೂ ಒಪ್ಪಿಕೊಂಡಿರುತ್ತೇವೆ. ಈ ಒಪ್ಪಂದದಲ್ಲಿ ಸತ್ಯಕ್ಕಿಂತ ಸೌಜನ್ಯದ ಪಾಲೇ ಹೆಚ್ಚೆಂದು ನಿಮ್ಮಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗಂತೂ ನನ್ನ ಜೊತೆ ಲಿಫ್ಟಿನಲ್ಲಿ ಬರುವುದೆಂದರೆ ಶಿಕ್ಷೆ. "ಡ್ಯಾಡಿ, ಪ್ಲೀಸ್, ಇಟ್ಸ್ ಸೋ ಎಂಬರಾಸಿಂಗ್" ಎನ್ನುತ್ತ ಅವಳು ಮೂಲೆಯ ಕನ್ನಡಿಯ ಕಡೆ ತಿರುಗಿ ನಿಲ್ಲುತ್ತಾಳೆ.

ಈ ಸಿದ್ಧಾಂತಕ್ಕೆ ಮೊದಲ ಪೆಟ್ಟು ಕೊಟ್ಟವನು ಇದ್ರೀಸ್. ಸುಡಾನ್ ದೇಶದವನು, ನಮ್ಮದೇ ಕಟ್ಟಡದ ಐದನೆಯ ಮಹಡಿಯವನು, ಜೆಬೆಲ್ ಅಲಿ ಬಂದರಿನ ಬಳಿ ನಾನು ಕೆಲಸ ಮಾಡುವ ಸರಕು ಸಾಗಣೆ ಕಂಪೆನಿಯಲ್ಲೇ ಶೀತಲ ಕಂಟೇನರುಗಳ ಯೋಗಕ್ಷೇಮ ವಿಚಾರಿಸುವ ಮೆಕ್ಯಾನಿಕ್. ಆರಡಿ ಮೀರಿದ ಎತ್ತರ, ಅದಕ್ಕೆ ಹೊಂದದ ಮೆಲುದನಿ. ಕರಾವಳಿಯವನಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ಸುಮ್ಮನೆ ಬಿಟ್ಟುಬಿಡುವುದು ನನ್ನ ಸಂಸ್ಕಾರಕ್ಕೆ ಒಗ್ಗುವ ಸಂಗತಿಯಲ್ಲವಾದ್ದರಿಂದ, ಮೊದಲ ದಿನವೇ ಲಿಫ್ಟಿನಲ್ಲಿ "ಸುಡಾನಿನಲ್ಲಿ ಎಲ್ಲಿ?" ಎಂದು ಕೇಳಿದೆ. ಅವನು ನನ್ನನ್ನೊಮ್ಮೆ ನೋಡಿ "ದುಬೈ" ಎಂದ. ಐದರಲ್ಲಿ ಇಳಿಯಬೇಕಾದವನು ಮೂರರಲ್ಲೇ ಇಳಿದುಹೋದ. ಜಂಭದ ಮನುಷ್ಯ ಎಂದುಕೊಂಡೆ.

ಸುಡಾನ್ ನನಗೆ ಗೊತ್ತು ಎಂಬ ಭ್ರಮೆಯೂ ನನಗಿತ್ತು. ಆ ದೇಶದ ಪಶ್ಚಿಮದ ಬಯಲಿನಲ್ಲಿ ಮುಳ್ಳುಮರಗಳಿಂದ ಒಸರುವ ಅಂಟು, ತಂಪುಪಾನೀಯದಿಂದ ಹಿಡಿದು ಔಷಧದ ಗುಳಿಗೆಯವರೆಗೆ ಎಲ್ಲದರಲ್ಲೂ ಬೆರೆಯುವ ಅಂಟು, ಚೀಲಗಟ್ಟಲೆ ಪೋರ್ಟ್ ಸುಡಾನ್ ಬಂದರಿನಿಂದ ಹಡಗು ಹತ್ತುತ್ತದೆ. ಅದು ಯಾವ ದಾರಿಯಲ್ಲಿ ಬರಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ದಿನ ಮುಟ್ಟಬೇಕು ಎಂದು ತೀರ್ಮಾನಿಸುವುದು ನನ್ನ ಹೊಟ್ಟೆಪಾಡು. ಹದಿನೆಂಟು ವರ್ಷಗಳಿಂದ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು, ಕಾಲಿಗೆ ಧೂಳು ತಾಗಿಸಿಕೊಳ್ಳದೆ, ಆ ವಿಸ್ತಾರವಾದ ದೇಶವನ್ನು ಬೆರಳ ತುದಿಯಲ್ಲಿ ನೂರಾರು ಸಲ ದಾಟಿದ್ದೇನೆ.

ಹಾಗಾಗಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಇದ್ರೀಸ್ ತಾನಾಗಿ ನನ್ನ ಮೇಜಿನ ಬಳಿ ಬಂದು ನಿಂತಾಗ ನಾನು ಸ್ವಲ್ಪ ಉಬ್ಬಿಹೋದೆ. ಇಂಗ್ಲಿಷು, ಹಿಂದಿ, ಅರಬ್ಬಿ ಮೂರನ್ನೂ ಕಲಸಿದ ಇಲ್ಲಿನ ನಮ್ಮೆಲ್ಲರ ಭಾಷೆಯಲ್ಲಿ ಅವನು ಹೇಳಿದ: "ಅಮ್ಮ ಪಶ್ಚಿಮದಲ್ಲಿ ಒಬ್ಬಳೇ ಇದ್ದಾಳೆ. ಊಟ ಮಾಫಿ, ಮದ್ದು ಮಾಫಿ, ಏನೂ ಇಲ್ಲ. ಹೇಗಾದರೂ ಪೋರ್ಟ್ ಸುಡಾನ್ ಮುಟ್ಟಿದರೆ ಅಲ್ಲಿಂದ ಹಡಗಿನಲ್ಲಿ ಜಿದ್ದಾ, ನನ್ನ ಅಕ್ಕನ ಮನೆ. ನೀನು ರೂಟ್ ಹಾಕುವವನಲ್ಲವಾ, ಎಷ್ಟು ದಿನ ಬೇಕು ಹೇಳು."

ಇಂಥ ವಿನಂತಿಗೆ ಕರಗದ ಕುಶಲಕರ್ಮಿ ಉಂಟೇ? ಕಂಪೆನಿಯ ಕೆಲಸ ಬದಿಗಿಟ್ಟು ಎರಡು ದಿನ ಕುಳಿತು ಒಂದು ನಕ್ಷೆಯನ್ನೂ ಕೋಷ್ಟಕವನ್ನೂ ತಯಾರಿಸಿದೆ. ಎಲ್ ಒಬೇದ್ ಪಟ್ಟಣದವರೆಗೆ ಲಾರಿ, ಅಲ್ಲಿಂದ ಬಸ್ಸು, ಕೋಸ್ತಿಯಲ್ಲಿ ನೈಲ್ ನದಿಯ ಸೇತುವೆ, ಮುಂದೆ ಗೆದಾರೆಫ್, ಕಸ್ಸಲಾ, ಕೊನೆಗೆ ಕೆಂಪು ಸಮುದ್ರದ ದಂಡೆ. ಒಟ್ಟು ಆರು ದಿನ. ದಾರಿಯುದ್ದಕ್ಕೂ ಬಂದೂಕುಧಾರಿಗಳ ತನಿಖಾ ಚೌಕಿಗಳಿರುತ್ತವೆಂದು ಕೇಳಿ ಬಲ್ಲವನಾಗಿ ಅವುಗಳಿಗೂ ಜಾಗ ಕೊಟ್ಟಿದ್ದೆ: ಚೌಕಿ, ಹದಿನೈದು ನಿಮಿಷ. ಹಳದಿ ಬಣ್ಣದಲ್ಲಿ.

ಇದ್ರೀಸ್ ಕಾಗದವನ್ನು ಬಹಳ ಹೊತ್ತು ನೋಡಿದ. ಬಳಿಕ, ನನಗೆ ನೋವಾಗಬಾರದೆಂಬ ಎಚ್ಚರಿಕೆಯಿಂದಲೋ ಎಂಬಂತೆ ಮೆಲ್ಲನೆ "ಒಂದು ಕಾಲಂ ಬಿಟ್ಟುಹೋಗಿದೆ" ಎಂದ.

"ಯಾವುದು?"

"ಚೌಕಿಯವನು ಕೇಳುವ ಪ್ರಶ್ನೆ."

"ಏನು ಕೇಳ್ತಾನೆ?"

"ನೀನು ಲಿಫ್ಟಿನಲ್ಲಿ ನನ್ನ ಹತ್ತಿರ ಕೇಳಿದ್ದನ್ನೇ."

ಎರಡು ಸೇನೆಗಳ ನಡುವೆ ಹರಿದುಹೋದ ಅವನ ದೇಶದಲ್ಲಿ ಈಗ ಊರು ಎಂದರೆ ಉತ್ತರವಲ್ಲ, ಅಪರಾಧ. ಒಂದು ಕಡೆಯ ಚೌಕಿಯಲ್ಲಿ ಪೂರ್ವದ ಊರಿನವನು ಗೂಢಚಾರ, ಇನ್ನೊಂದು ಕಡೆಯ ಚೌಕಿಯಲ್ಲಿ ಪಶ್ಚಿಮದ ಊರಿನವನು ದ್ರೋಹಿ. ಹಿಂದಿನ ವರ್ಷ ಅವನ ತಮ್ಮ ಇದೇ ದಾರಿಯಲ್ಲಿ ಬಸ್ಸು ಹತ್ತಿದ್ದನಂತೆ. ಒಂದು ಚೌಕಿಯಲ್ಲಿ ಊರು ಯಾವುದೆಂದು ಕೇಳಿದರು, ಅವನು ಇದ್ದದ್ದನ್ನು ಇದ್ದಂತೆ ಹೇಳಿದ, ಅವನನ್ನು ಇಳಿಸಿಕೊಂಡು ಬಸ್ಸನ್ನು ಕಳಿಸಿದರು. "ಆಮೇಲೆ ಖಲಾಸ್, ಏನೂ ಗೊತ್ತಿಲ್ಲ" ಎಂದ ಇದ್ರೀಸ್. ನಾನು ಹಳದಿ ಬಣ್ಣದ ಹದಿನೈದು ನಿಮಿಷಗಳನ್ನು ನೋಡುತ್ತ ಕುಳಿತೆ. ಕಾಗದವನ್ನು ಹರಿದುಹಾಕಲು ಕೈ ಚಾಚಿದರೆ ಅವನು ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಮನೆಗೆ ಬಂದು ಹೆಂಡತಿ ವಾರಿಜಾಳಲ್ಲಿ ಹೇಳಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. "ನಿಮ್ಮ ಬಾಯಿಗೊಂದು ಬೀಗ ಹಾಕ್ಬೇಕು ಮಾರಾಯ್ರೆ. ಊರು ಅಂತ ಹೇಳಿದ್ರೆ ಎಲ್ರಿಗೂ ಮೀನುಸಾರೇ ನೆನಪಾಗುದಾ?" ಎಂದಳು. ಮರುದಿನದಿಂದ ಐದನೆಯ ಮಹಡಿಗೆ ನೀರುದೋಸೆಯ ಡಬ್ಬಿ ಹೋಗತೊಡಗಿತು, ಖಾಲಿ ಡಬ್ಬಿಯನ್ನು ಮರಳಿಸುವುದು ಅವರಲ್ಲಿ ಮರ್ಯಾದೆಯಲ್ಲವೆಂದು ಅದು ಖರ್ಜೂರ ತುಂಬಿಕೊಂಡು ಬರತೊಡಗಿತು.

ಚೌಕಿಗಳ ಭಯವಿದ್ದರೂ ಬೇರೆ ದಾರಿಯಿಲ್ಲದೆ ಇದ್ರೀಸನ ತಾಯಿ ಬತೂಲ್ ಒಂದು ಸೋಮವಾರ ಹೊರಟರು. ಎಪ್ಪತ್ತು ದಾಟಿದ ಹೆಂಗಸು, ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ ಎಂದು ಇದ್ರೀಸ್ ನಮ್ಮ ಕಂಪೆನಿ ಬಸ್ಸಿನಲ್ಲಿ ಹೇಳಿದ್ದ. ಮೂರನೆಯ ದಿನ ಎಲ್ ಒಬೇದ್ ಮುಟ್ಟಿದ ಸುದ್ದಿ ಬಂತು, ಆಮೇಲೆ ಸುದ್ದಿಯೇ ಇಲ್ಲ. ನನ್ನ ಆರು ದಿನ ಮುಗಿಯಿತು. ಎಂಟಾಯಿತು. ಆಫೀಸಿನ ಪರದೆಯ ಮೇಲೆ ಅಂಟಿನ ಚೀಲ ತುಂಬಿದ ಒಂದು ಕಂಟೇನರು ಕೆಂಪು ಸಮುದ್ರದ ಯಾವ ಅಲೆಯ ಮೇಲಿದೆ ಎಂಬುದು ನನಗೆ ಗೊತ್ತಿತ್ತು. ಅದೇ ಅಂಟಿನ ಸೀಮೆಯಿಂದ ಹೊರಟ ಮುದುಕಿಯೊಬ್ಬರು ಎಲ್ಲಿದ್ದಾರೆಂದು ಹೇಳುವ ಪರದೆ ಈ ನಗರದಲ್ಲಿ ಎಲ್ಲಿಯೂ ಇರಲಿಲ್ಲ. ಕಂಪೆನಿ ಬಸ್ಸಿನಲ್ಲಿ ಇದ್ರೀಸ್ ನನ್ನ ಪಕ್ಕದಲ್ಲೇ ಕುಳಿತು ಆ ಕಾಗದವನ್ನು ಬಿಡಿಸಿ ನೋಡುತ್ತಿದ್ದ, ಮಡಚುತ್ತಿದ್ದ. ಮಡಿಕೆಯ ಗೆರೆ ಸರಿಯಾಗಿ ಕೋಸ್ತಿಯ ಮೇಲೆ ಬಂದು ಊರಿನ ಹೆಸರೇ ಅಳಿಸಿಹೋಗಿತ್ತು. ಹತ್ತನೆಯ ದಿನ ಅವನು ಕಾಗದವನ್ನು ತೆಗೆಯಲಿಲ್ಲ. ನನಗೆ ಹೆದರಿಕೆಯಾಯಿತು.

ಹದಿನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಬೆಲ್ಲು ಒಂದೇ ಸಮನೆ ಬಡಿಯತೊಡಗಿತು. ಇದ್ರೀಸ್ ಬರಿಗಾಲಲ್ಲಿ ನಿಂತಿದ್ದ. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಎರಡು ಮಹಡಿ ಹತ್ತಿ ಬಂದಿದ್ದ. "ಪೋರ್ಟ್ ಸುಡಾನ್ ಮುಟ್ಟಿದಳು" ಎಂದ, ಅಷ್ಟೇ. ಕೈಯಲ್ಲಿದ್ದ ಫೋನಿನ ಪರದೆಯಲ್ಲಿ ಬಿಳಿಯ ಸೆರಗು ಹೊದ್ದ ಒಂದು ಕಪ್ಪು ಮುಖ ನಗುತ್ತಿತ್ತು. ವಾರಿಜಾ ಬಾಗಿಲಲ್ಲೇ ಅತ್ತುಬಿಟ್ಟಳು, ನಾನು ಅಳಲಿಲ್ಲವೆಂದು ಸುಳ್ಳು ಹೇಳುವುದಿಲ್ಲ.

ಆ ತಾಯಿ ಹೇಳುತ್ತ ಹೋದದ್ದನ್ನು ಇದ್ರೀಸ್ ನಮಗೆ ತಿಳಿಸುತ್ತ ಹೋದ. ಮೊದಲ ಚೌಕಿಯಲ್ಲಿ ಎಲ್ಲರನ್ನೂ ಇಳಿಸಿದಾಗ, ನರೆತ ಗಡ್ಡದ ಬಂದೂಕುಧಾರಿ ಬಾಯಿ ತೆರೆಯುವ ಮೊದಲೇ ಇವರು "ಮಗನೇ, ನಿನ್ನ ಊರು ಯಾವುದು? ಯಾರ ಮಗ ನೀನು?" ಎಂದು ಕೇಳಿದರಂತೆ. ಕೇಳುವುದೇ ಅಭ್ಯಾಸವಾಗಿ ಹೋಗಿ ಉತ್ತರಿಸುವುದನ್ನೇ ಮರೆತಿದ್ದ ಆತ ತಬ್ಬಿಬ್ಬಾಗಿ ಹೇಳಿದನಂತೆ. "ಓಹೋ, ಆ ಊರಾ! ಅಲ್ಲಿನ ಬಾವಿಯ ನೀರು ಎಷ್ಟು ಸಿಹಿ!" ಎಂದರಂತೆ ಇವರು.

"ಅಮ್ಮ ಆ ಊರನ್ನು ಕಂಡದ್ದೇ ಇಲ್ಲ" ಎಂದ ಇದ್ರೀಸ್, ನಗುತ್ತ. ತನ್ನೂರಿನ ಬಾವಿ ಉಪ್ಪೆಂದು ಒಪ್ಪಿಕೊಳ್ಳುವ ಮನುಷ್ಯ ಎಲ್ಲಿದ್ದಾನೆ? ಆತ ಚಹಾ ತರಿಸಿದ, ತನ್ನ ತಾಯಿಯ ಮಂಡಿನೋವಿನ ಬಗ್ಗೆ ಸಲಹೆ ಕೇಳಿದ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆಯೇ ಬಸ್ಸು ಬಿಟ್ಟ. ಮುಂದಿನ ಚೌಕಿಗಳಲ್ಲೂ ಅದೇ ಬಾವಿ, ಅದೇ ಸಿಹಿನೀರು. ಒಂದು ಕಡೆ ಮಾತ್ರ ನಡೆಯಲಿಲ್ಲ. ಅಲ್ಲಿಯವನು ಮಾತಾಡುವವನಾಗಿರಲಿಲ್ಲ, ಐದು ದಿನ ಎಲ್ಲರನ್ನೂ ಮರದ ಕೆಳಗೆ ಕೂರಿಸಿ, ಕೊನೆಗೆ ಇಬ್ಬರನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟ. ಇದನ್ನು ಹೇಳುವಾಗ ತಾಯಿ ನಗಲಿಲ್ಲ. ಚಹಾ ಕೊಟ್ಟವರಿರಲಿ, ಕೊಡದವರಿರಲಿ, ಪ್ರತಿಯೊಂದು ಚೌಕಿಯಲ್ಲೂ ಕಿರಿಯ ಮಗನ ಹೆಸರು ಹೇಳಿ, ಅವನ ಎಡಹುಬ್ಬಿನ ಮೇಲಿನ ಗಾಯದ ಗುರುತು ಹೇಳಿ ವಿಚಾರಿಸಿದ್ದರು. ಕಂಡೆ ಎಂದವರು ಒಬ್ಬರೂ ಇರಲಿಲ್ಲ. ಆ ಕಾಲಂ ಕೂಡ ನನ್ನ ಕೋಷ್ಟಕದಲ್ಲಿರಲಿಲ್ಲ.

ಆಮೇಲೆ ಅವರು ನಕ್ಷೆ ಬರೆದವನನ್ನು ನೋಡಬೇಕೆಂದರು. ಇದ್ರೀಸ್ ಫೋನನ್ನು ನನ್ನ ಮುಖದೆದುರು ಹಿಡಿದ. ಕ್ಷಮೆ ಕೇಳಬೇಕೆಂದು ಮಾತು ಜೋಡಿಸುತ್ತಿದ್ದೆ, ಅಷ್ಟರಲ್ಲಿ ಅವರೇ ಏನನ್ನೋ ಕೇಳಿದರು. ಅನುವಾದ ಬೇಕಾಗಲಿಲ್ಲ, ಆದರೂ ಇದ್ರೀಸ್ ಹೇಳಿದ: "ನಿನ್ನ ಊರು ಯಾವುದು, ಯಾರ ಮಗ ಎಂದು ಕೇಳುತ್ತಿದ್ದಾಳೆ."

ಸಾವಿರ ಜನರನ್ನು ಕೇಳಿದ ಬಾಯಿ ನನ್ನದು. "ಪಾಂಗಾಳ" ಎಂದೆ. "ವಾಸು ಮಾಸ್ಟ್ರ ಮಗ."

ಅವರು ತಲೆಯಾಡಿಸಿ ಇನ್ನೊಂದು ಮಾತು ಹೇಳಿದರು. ಇದ್ರೀಸ್ ತುಟಿ ಕಚ್ಚಿಕೊಂಡು ತಿಳಿಸಿದ: "ಅಲ್ಲಿನ ಬಾವಿಯ ನೀರು ಬಹಳ ಸಿಹಿಯಂತೆ, ಹೌದಾ?"

ಹೊಳೆ ಕಡಲಿಗೆ ಸೇರುವ ಜಾಗದ ಬಾವಿ ನಮ್ಮದು. ಬೇಸಗೆ ಬಂತೆಂದರೆ ಬಾಯಿಗಿಡಲಾಗದಷ್ಟು ಉಪ್ಪು. ನನ್ನ ತಾಯಿ ಕುಡಿಯುವ ನೀರಿಗೆ ಎರಡು ಗದ್ದೆ ದಾಟಿ ಹೋಗುತ್ತಿದ್ದಳು. "ಹೌದು ತಾಯಿ" ಎಂದೆ, "ಬಹಳ ಸಿಹಿ."

ಮರುದಿನ ಬೆಳಗ್ಗೆ ಏಳನೆಯ ಮಹಡಿಯಿಂದ ಇಳಿಯುತ್ತಿದ್ದಾಗ ಲಿಫ್ಟು ಐದರಲ್ಲಿ ನಿಂತು ಇದ್ರೀಸ್ ಒಳಗೆ ಬಂದ. ನಾನು ಬಾಯಿಗೆ ಬೀಗ ಹಾಕಿಕೊಂಡು ಮಹಡಿಯ ಅಂಕಿಗಳನ್ನು ನೋಡುತ್ತ ನಿಂತೆ. ಮೂರನೆಯ ಮಹಡಿ ದಾಟಿದ ಮೇಲೆ ಅವನು ಬಾಗಿಲನ್ನೇ ನೋಡುತ್ತ, ನಾನು ಕೇಳದೆಯೇ, "ಉಮ್ ಸಿದ್ರಾ" ಎಂದ. "ನಮ್ಮ ಹಳ್ಳಿ. ದೊಡ್ಡ ಮಸೀದಿಯಿಂದ ಎಡಕ್ಕೆ ಮೂರನೆಯ ಮನೆ." ಉಮ್ ಸಿದ್ರಾದಲ್ಲಿ ಯಾರ ಮನೆ ಎಂದು ಕೇಳುವ ಅಗತ್ಯವೇ ಉಳಿದಿರಲಿಲ್ಲ. ಬಾಗಿಲು ತೆರೆಯಿತು, ಹೊರಗೆ ಕಂಪೆನಿ ಬಸ್ಸಿನ ಡ್ರೈವರು "ಯಲ್ಲಾ, ಯಲ್ಲಾ" ಎಂದು ಕೂಗುತ್ತಿದ್ದ, ನಾವಿಬ್ಬರೂ ಇನ್ನೂ ಲಿಫ್ಟಿನೊಳಗೇ ನಿಂತಿದ್ದೆವು.