ಗೌಸ್ ಸಾಬ್ರ ಸುತ್ತಿಗೆ

ಶಿಕಾರಿಪುರದ ಮೆಕ್ಯಾನಿಕ್ ಗೌಸ್ ಸಾಬ್ರು ಹಳೇ ಗಾಡಿಗೆ ಮೊದಲ ದಿನ ಸ್ಪ್ಯಾನರ್ ಮುಟ್ಟಿಸುತ್ತಲೇ ಇರಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಅಡಿಗೆ ನುಸುಳಿ ಚಾಸಿಯನ್ನು, ಅಂದರೆ ಇಡೀ ಗಾಡಿ ಹೊತ್ತಿರುವ ತಳದ ಕಬ್ಬಿಣವನ್ನು, ಗೇಣಿಗೊಂದು ಏಟಿನಂತೆ ಬಡಿಯುತ್ತ ಹೋಗುತ್ತಿದ್ದರು. ಠಣ್ ಎಂದರೆ ಬಳಪದ ಗೀಟು, ಡಬ್ ಎಂದರೆ ಸೊನ್ನೆ. ಸೊನ್ನೆ ಜಾಸ್ತಿಯಾದರೆ ಕೈ ಒರೆಸಿಕೊಳ್ಳುತ್ತ ಹೊರಬಂದು, "ತೀರ್ಕೊಂಡೈತೆ. ಬಿಚ್ಚಿ ಮಾರ್ಕೊಳ್ರಿ" ಎನ್ನುವರು. ಆ ತೀರ್ಪಿಗೆ ಅಪೀಲಿರಲಿಲ್ಲ.

ಅವರನ್ನು ನಮ್ಮೂರು ಆನವಟ್ಟಿಗೆ ಕರೆಸಿದವಳು ನಾನು. ನಮ್ಮದು ಮುಂದಕ್ಕೆ ಮೂತಿ ಚಾಚಿದ ಹಳೇ ಕಾಲದ ಲಾರಿ. ಅಪ್ಪ ಅದರಲ್ಲಿ ಪಕ್ಕದ ಜಡೆ ಊರಿನ ಭತ್ತವನ್ನು ಶಿಕಾರಿಪುರದ ಮಾರುಕಟ್ಟೆಗೆ ಹೊಡೆಯುತ್ತಿದ್ದರು. ಅಪ್ಪ ಹೋದ ಮೇಲೆ ಅದು ಹಿತ್ತಲಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಆ ಜಾಗದಲ್ಲಿ ಕುರಿ ಶೆಡ್ ಹಾಕಬೇಕೆಂದು ತಮ್ಮನ ಹಟ. ಗೇರ್ ಬಾಕ್ಸು, ಆಕ್ಸಲ್ ಬಿಚ್ಚಿಕೊಡಿ ಎಂದು ಗುಜರಿಯವನು ಎರಡು ಸಲ ಬಂದುಹೋಗಿದ್ದ. ನನಗೋ ಅದು ಮತ್ತೆ ಓಡಬೇಕಿತ್ತು. ಕಾರಣ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಪ್ಪನ ಪಕ್ಕ ಕೂತು ಹೋದವಳು ನಾನು, ಅಷ್ಟೆ. ಸಾಬ್ರು ಹೇಳಿದ ಹಾಗೆ ಮಾಡುವುದೆಂದು ಅಕ್ಕ ತಮ್ಮ ಒಪ್ಪಿಕೊಂಡೆವು.

ಸಾಬ್ರು ಬಡಿದರು. ಉದ್ದಕ್ಕೂ ಗೀಟು, ಮೂರೇ ಸೊನ್ನೆ.

"ತುಕ್ಕು ಚರ್ಮಕ್ಕೆ ಹಿಡ್ದೈತಮ್ಮ, ಎಲುಬಿಗೆ ಹೋಗಿಲ್ಲ. ಜೀವ ಇರೋದನ್ನ ಬಿಚ್ಚಾಕೆ ನನ್ ಕೈ ಏಳಲ್ಲ" ಎಂದರು. ಅವತ್ತೂ ಬಂದು ನಿಂತಿದ್ದ ಗುಜರಿಯವನತ್ತ ತಿರುಗಿ, "ನಾನೂ ನಿನ್ನತ್ರಾನೇ ಸಾಮಾನು ತಗೊಳ್ಳೋನು. ಸತ್ತಿದ್ದಕ್ಕೆ ಬಾ. ಇದಕ್ಕೆ ಬರಬ್ಯಾಡ" ಎಂದರು.

ರಿಪೇರಿಗೆಂದು ಸಾಬ್ರು ದಿನಾ ಬೆಳಿಗ್ಗೆ ಬಸ್ಸಿಗೆ ಬರುವರು. ನಮ್ಮ ಮನೆ ಚಹಾಕ್ಕೆ ಸಕ್ಕರೆ ಸಾಲದೆಂದು ಗೊಣಗಿ ಎರಡು ಲೋಟ ಕುಡಿಯುವರು. ಮೂರನೇ ವಾರ ಒಂದು ಮಧ್ಯಾಹ್ನ ಬೆನ್ನ ಹಿಂದೆ ನಿಂತು ಊಟಕ್ಕೆ ಕರೆದೆ. ಮೂರು ಸಲ ಕೂಗಿದರೂ ತಿರುಗಲಿಲ್ಲ. ತಮ್ಮ ತನ್ನ ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ಬೇಕೆಂದೇ ಕಲ್ಲಿನ ಮೇಲೆ ಎಸೆದ. ಸಾಬ್ರು ಬೆಚ್ಚಲೂ ಇಲ್ಲ.

"ಇವರಿಗೆ ಕಿವೀನೇ ಕೇಳ್ಸಲ್ಲ ಅಕ್ಕಾ. ಠಣ್ಣು ಡಬ್ಬು ಎಲ್ಲ ಬರೀ ನಾಟಕ" ಎಂದ ತಮ್ಮ.

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಈಚೆ ತಿರುಗಿದ ಸಾಬ್ರು ನಮ್ಮ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು.

"ಕಿವಿ ಹೋಗಿ ಭಾಳ ದಿನ ಆತು. ಬಾರಮ್ಮ ಇಲ್ಲಿ" ಎಂದು ನನ್ನನ್ನು ಗಾಡಿಯಡಿಗೆ ಕರೆದರು. ಚಾಸಿಗೆ ಅಂಗೈ ಒತ್ತಿ ಹಿಡಿಯಲು ಹೇಳಿ ಪಕ್ಕದಲ್ಲೇ ಬಡಿದರು. ಅದುರು ಮೊಣಕೈವರೆಗೂ ಓಡಿತು. ಸೊನ್ನೆ ಇದ್ದಲ್ಲಿ ಬಡಿದರೆ ಏನೂ ಇಲ್ಲ. ಹಾಗೆಯೇ ಮುಂದೆ ಮುಂದೆ ಸರಿದೆವು. ಹಿಂದಿನ ಚಕ್ರದ ಹತ್ತಿರ, ಅವರೇ ಗೀಟೆಳೆದಿದ್ದ ಒಂದು ಜಾಗದಲ್ಲಿ, ನನ್ನ ಅಂಗೈಗೆ ಏನೂ ಬರಲಿಲ್ಲ.

"ಸಾಬ್ರೇ, ಇಲ್ಲಿ ಇಲ್ಲ" ಎಂದು ತಲೆ ಅಲ್ಲಾಡಿಸಿದೆ.

ಮತ್ತೆ ಬಡಿದು, ಕೈಯಿಟ್ಟು ನೋಡಿದರು. ಆಮೇಲೆ ಗೀಟನ್ನು ಹೆಬ್ಬೆರಳಿಂದ ಒರೆಸಿ ಸೊನ್ನೆ ಬರೆದರು. "ತಪ್ಪು ನಂದೇ."

"ಮುಗೀತಲ್ಲ ಹಂಗಾರೆ" ಎಂದು ತಮ್ಮ ಬಗ್ಗಿ ನೋಡುತ್ತ ಕೈಯಾಡಿಸಿದ.

"ಏನ್ ಮುಗೀತು? ಮೂರಿತ್ತು, ನಾಕಾತು. ನಾಕಕ್ಕೆ ಯಾರೂ ಸಾಯಲ್ಲ" ಎಂದವರೇ ಸಾಬ್ರು ಆ ಜಾಗವನ್ನೂ ಉಳಿದ ಮೂರನ್ನೂ ಕತ್ತರಿಸಿ ತೆಗೆದು, ಹೊಸ ಪಟ್ಟಿ ಇಟ್ಟು ವೆಲ್ಡ್ ಮಾಡಿದರು. ಸುಗ್ಗಿಯಲ್ಲಿ ಲಾರಿ ಭತ್ತ ಹೇರಿಕೊಂಡು ಶಿಕಾರಿಪುರಕ್ಕೆ ಹೋಯಿತು. ಸ್ಟೇರಿಂಗ್ ಹಿಡಿದವನು ತಮ್ಮನೇ. ಕುರಿ ಶೆಡ್ಡು ಬೇಲಿಯ ಪಕ್ಕಕ್ಕೆ ಸರಿಯಿತು.

ಕಳೆದ ವರ್ಷ ಸಾಬ್ರು ತೀರಿಕೊಂಡರು. ಅವರ ಹೆಂಡತಿ ಆ ಸುತ್ತಿಗೆಯನ್ನು ನನಗೆ ಕೊಟ್ಟುಕಳಿಸಿದರು. ವಾರ ಕಳೆಯುವುದರೊಳಗೆ ಗುಜರಿಯವನು ಬಂದ.

"ಸಾಬ್ರೇ ಇಲ್ಲ. ಇನ್ನು ಇದನ್ನ ಯಾರು ನೋಡ್ಕೊಂತಾರ್ರೀ? ಕೊಟ್ಬಿಡ್ರಿ."

ನಾನು ಸೆರಗು ಸಿಕ್ಕಿಸಿಕೊಂಡು, ಸುತ್ತಿಗೆ ತಗೊಂಡು ಅವನೆದುರಿಗೇ ಗಾಡಿಯಡಿಗೆ ನುಸುಳಿದೆ. ಮೂತಿಯಿಂದ ಬಾಲದವರೆಗೆ ಗೇಣಿಗೊಂದು ಏಟು ಬಡಿದು, ಹಿಂದಿನ ಚಕ್ರದ ಹತ್ತಿರದ ಸಾಬ್ರ ಪಟ್ಟಿಯ ಮೇಲೆ ಅಂಗೈ ಇಟ್ಟು ಎರಡು ಏಟು ಹೆಚ್ಚಿಗೆ ಬಡಿದೆ. ಕೈ ಒರೆಸಿಕೊಳ್ಳುತ್ತ ಹೊರಬಂದೆ.

"ಜೀವ ಐತೆ. ಹೋಗಿ ಬರ್ರಿ."